ಇಪ್ಪತ್ತು ಮಾರು ಕಡಲು, ಎರಡು ಬೆರಳು ಕಿಲುಬು

ಗಂಗೊಳ್ಳಿಯ ಅಳಿವೆ ದಾಟುವಾಗ ಎಲ್ಲವೂ ಸರಿಯಿತ್ತು. ಮರಳಿನ ದಿಬ್ಬ ಮಳೆಗಾಲಕ್ಕೊಮ್ಮೆ ಜಾಗ ಬದಲಿಸುವ ಬಾಯಿ ಅದು. ಮೀನು ತೋರಿಸುವ ಫಿಶ್ ಫೈಂಡರ್ ಯಂತ್ರದ ಪರದೆಯ ಮೂಲೆಯಲ್ಲಿನ ಆಳದ ಅಂಕಿ ನೋಡಿಕೊಂಡೇ ದೋಣಿ ಹೊರಗೆ ಬಂತು. ಬೆಳಕು ಹರಿಯುವಾಗ ಹನ್ನೆರಡು ಮಾರು ನೀರು, ಹೊತ್ತೇರುವಾಗ ಇಪ್ಪತ್ತು ಮಾರು. ಪರದೆಯ ನಡುವೆ ಕೆಂಪು ಮೋಡದ ಹಾಗೆ ಮೀನಿನ ಹಿಂಡು ತೇಲಿ ಬಂತು. ಬಲೆ ಬಿಡಲೆಂದು ದೋಣಿ ತಿರುಗಿಸಿದರು, ಮೂತಿ ಒಂದು ತೆರೆಗೆ ಬಡಿಯಿತು, ಪರದೆ ಕಪ್ಪಾಯಿತು. ‘ಮಿಷನ್ ಹೋಯ್ತ್ ಕಾಣಿ’ ಎಂದ ಒಬ್ಬ. ಇನ್ನೊಬ್ಬ ಹಿಂದಿನ ವೈರು ಹಿಡಿದು ಅಲುಗಿಸಿದ. ಪರದೆ ಮತ್ತೆ ಹೊತ್ತಿಕೊಂಡಿತು. ಅಷ್ಟರಲ್ಲಿ ಮೋಡ ದೋಣಿಯ ಅಡಿಯಿಂದ ಸರಿದುಹೋಗಿತ್ತು.

ಈ ದೃಶ್ಯವನ್ನು ಕಾರವಾರದ ಬೈತಖೋಲದಿಂದ ಉಳ್ಳಾಲದವರೆಗೆ ಯಾವ ಸಣ್ಣ ದೋಣಿಗೆ ಬೇಕಾದರೂ ಅಂಟಿಸಬಹುದು. ಮುಂದೆ ನಡೆಯುವುದೂ ಹೆಚ್ಚುಕಡಿಮೆ ಒಂದೇ. ಮೊದಲ ವಾರ ವೈರು ಅಲುಗಿಸಿದರೆ ಸಾಕು. ಎರಡನೆಯ ವಾರ ಅಲುಗಿಸಿ ಒಂದು ಕಡ್ಡಿ ಸಿಕ್ಕಿಸಬೇಕು. ಮೂರನೆಯ ವಾರ ಹೊಸ ಬ್ಯಾಟರಿ ಬರುತ್ತದೆ, ಎರಡು ದಿನ ನೆಮ್ಮದಿ. ಆಮೇಲೆ ಯಂತ್ರವೇ ಕೆಟ್ಟಿದೆ ಎಂದು ತೀರ್ಮಾನವಾಗುತ್ತದೆ. ಅಂಗಡಿಯವರು ಅದನ್ನು ಮೇಜಿನ ಮೇಲಿಟ್ಟು, ತಮ್ಮ ಬಳಿ ಇರುವ ಒಳ್ಳೆಯ ವೈರು ಸಿಕ್ಕಿಸಿ ನೋಡಿದರೆ ಅದು ಹೊಸದರಂತೆ ಓಡುತ್ತದೆ. ಕೆಟ್ಟದ್ದು ಯಂತ್ರ ಅಲ್ಲವೇ ಅಲ್ಲ. ಅದರ ಬೆನ್ನಿಗೆ ಸಿಕ್ಕಿಸುವ ಪ್ಲಗ್ಗಿನೊಳಗೆ, ಎರಡು ಬೆರಳಗಲದ ಜಾಗದಲ್ಲಿ, ಹಸಿರು ಪುಡಿ ಕೂತಿದೆ.

ಆ ಪುಡಿಗೆ ಕನ್ನಡದಲ್ಲಿ ಚೆಂದದ ಹೆಸರಿದೆ: ಕಿಲುಬು. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗೆ ಹಿಡಿಯುವುದು ಕಿಲುಬು. ದೇವರ ಮನೆಯ ತಂಬಿಗೆ ತಿಕ್ಕಿದವರಿಗೆಲ್ಲ ಇವೆರಡರ ವ್ಯತ್ಯಾಸ ಗೊತ್ತು. ದೋಣಿಯಲ್ಲಿ ಮಾತ್ರ ಎಲ್ಲವನ್ನೂ ತುಕ್ಕು ಎಂದೇ ಕರೆದು, ತುಕ್ಕಿಗೆ ಮಾಡುವ ಮದ್ದನ್ನೇ ಮಾಡುತ್ತಾರೆ: ಉಪ್ಪುಕಾಗದದಲ್ಲಿ ಉಜ್ಜುವುದು, ಮೇಲೆ ಎಣ್ಣೆ ಸವರುವುದು, ಟೇಪು ಸುತ್ತುವುದು. ಅರ್ಧ ಅನಾಹುತ ಇಲ್ಲಿಂದಲೇ ಶುರುವಾಗುತ್ತದೆ.

ಮೀನು ತೋರಿಸುವ ಪೆಟ್ಟಿಗೆಯ ಹುಟ್ಟಿನಲ್ಲೇ ದೋಣಿಯ ವೈರಿನ ನಂಟಿದೆ. ಜಪಾನಿನ ನಾಗಸಾಕಿ ಸೀಮೆಯ ಕಿಯೊತಾಕ ಫುರುನೊ ಮೀನುದೋಣಿಗಳಿಗೆ ದೀಪ, ವೈರು ಜೋಡಿಸಿಕೊಡುತ್ತಿದ್ದ ಎಲೆಕ್ಟ್ರಿಷಿಯನ್. ಯುದ್ಧ ಮುಗಿದ ಮೇಲೆ ಉಳಿದಿದ್ದ ಆಳ ಅಳೆಯುವ ಉಪಕರಣವನ್ನು ತಿದ್ದಿ ತೀಡಿ, ತಮ್ಮನ ಜತೆ ಸೇರಿ 1948ರಲ್ಲಿ ಮೀನುಗಾರರು ಬಳಸಬಹುದಾದ ಮೊದಲ ಫಿಶ್ ಫೈಂಡರನ್ನು ಮಾರುಕಟ್ಟೆಗೆ ತಂದ. ಸದ್ದಿನಿಂದ ಆಳ ಅಳೆಯುವ ಉಪಕರಣಗಳು ಬರುವ ಮುಂಚೆ ಆಳ ತಿಳಿಯಲು ಜಗತ್ತಿನ ಎಲ್ಲ ಕಡಲಲ್ಲೂ ಇದ್ದದ್ದು ಸೀಸದ ಗುಂಡು ಕಟ್ಟಿದ ಹಗ್ಗ. ಹಗ್ಗವನ್ನು ಎರಡು ಕೈ ಚಾಚಿ ಅಳೆದರೆ ಒಂದು ಮಾರು. ಇಂಗ್ಲಿಷರ ಫ್ಯಾದಮ್ ಹುಟ್ಟಿದ್ದೂ ಹಾಗೆಯೇ, ಚಾಚಿದ ತೋಳುಗಳಿಂದ. ಅದೀಗ ಆರು ಅಡಿ ಎಂದು ನಿಗದಿಯಾಗಿದೆ. ಇಂದಿನ ಯಂತ್ರಗಳಲ್ಲಿ ಅಳತೆಯನ್ನು ಫ್ಯಾದಮ್ಮಿಗೆ ಬದಲಿಸಿಕೊಂಡರೆ ಪರದೆ ತೋರಿಸುವುದು ಅಜ್ಜಂದಿರ ಮಾರನ್ನೇ.

ಪೆಟ್ಟಿಗೆ ಮಾಡುವ ಕೆಲಸ ಹೇಳಲು ಸುಲಭ. ದೋಣಿಯ ಅಡಿಗೆ ಇಳಿಬಿಟ್ಟ ಟ್ರಾನ್ಸ್‌ಡ್ಯೂಸರಿನಲ್ಲಿ ಒಂದು ಪಿಂಗಾಣಿ ಬಿಲ್ಲೆ ಇರುತ್ತದೆ. ವಿದ್ಯುತ್ತಿನ ಬಡಿತ ಕೊಟ್ಟರೆ ಅದು ಕಂಪಿಸಿ ಸದ್ದು ಮಾಡುತ್ತದೆ, ಸದ್ದು ತಾಗಿದರೆ ಕಂಪಿಸಿ ವಿದ್ಯುತ್ತು ಕೊಡುತ್ತದೆ. ಕೂಗುವ ಬಾಯಿಯೂ ಕೇಳುವ ಕಿವಿಯೂ ಅದೇ. ಸಾಮಾನ್ಯವಾಗಿ 50 ಅಥವಾ 200 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಮನುಷ್ಯರ ಕಿವಿಗೆ ನಿಲುಕದ ಎತ್ತರದಲ್ಲಿ ಅದು ಕೂಗುತ್ತದೆ. ಸಮುದ್ರದ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಇಪ್ಪತ್ತು ಮಾರು ಆಳದ ತಳ ಮುಟ್ಟಿ ಮರಳಲು ಬೇಕಾದದ್ದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು. ನಡುವೆ ಬೂತಾಯಿ ಹಿಂಡು ಇದ್ದರೆ ಅವುಗಳ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ತಾಗಿ ಕೊಂಚ ಸದ್ದು ಮೊದಲೇ ಹಿಂದಿರುಗುತ್ತದೆ. ಪರದೆಯ ಮೇಲಿನ ಕೆಂಪು ಮೋಡ ಅದೇ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಬಿಲ್ಲೆಯನ್ನು ಕೂಗಿಸಲು ನೂರಾರು ವೋಲ್ಟಿನ ಬಡಿತ ಹೋಗುತ್ತದೆ. ಆದರೆ ಹಿಂದಿರುಗುವ ಪಿಸುಮಾತು ವೋಲ್ಟಿನ ಹತ್ತು ಲಕ್ಷದ ಪಾಲುಗಳಲ್ಲಿ ಎಣಿಸುವಷ್ಟು ಸಣ್ಣದು. ಹೋಗುವ ಕೂಗೂ ಬರುವ ಪಿಸುಮಾತೂ ಹಾದುಹೋಗಬೇಕಾದದ್ದು ಅದೇ ವೈರು, ಅದೇ ಪ್ಲಗ್ಗು, ಅದೇ ಪಿನ್ನುಗಳಲ್ಲಿ. ಪಿನ್ನಿನ ಮೇಲೆ ಕೂದಲೆಳೆಯಷ್ಟು ಕಿಲುಬು ಕೂತರೂ ಕೂಗು ದಾಟೀತು, ಪಿಸುಮಾತು ದಾಟದು.

ಹಾಗಾಗಿ ಈ ರೋಗಕ್ಕೆ ಎರಡು ಮುಖಗಳಿವೆ. ಬ್ಯಾಟರಿಯಿಂದ ಬರುವ ಪವರ್ ವೈರು ಕಿಲುಬು ಹಿಡಿದರೆ ಪರದೆಯೇ ಆರುತ್ತದೆ. ಟ್ರಾನ್ಸ್‌ಡ್ಯೂಸರಿನ ವೈರು ಹಿಡಿದರೆ ಪರದೆ ಜಗಜಗ ಉರಿಯುತ್ತಿರುತ್ತದೆ, ಆದರೆ ತಳ ಕಾಣುವುದಿಲ್ಲ. ಹಳೆಯ ಟಿವಿಯ ಹಾಗೆ ಚುಕ್ಕಿಗಳ ಸುರಿಮಳೆ, ಆಳದ ಅಂಕಿ ಮಿಣುಕುತ್ತದೆ. ಮುನ್ಸೂಚನೆ ಬೇಕಿದ್ದವರು ನೀರಿನ ಉಷ್ಣತೆಯ ಅಂಕಿಯ ಮೇಲೊಂದು ಕಣ್ಣಿಡಬೇಕು. ಬಹಳಷ್ಟು ಟ್ರಾನ್ಸ್‌ಡ್ಯೂಸರುಗಳಲ್ಲಿ ಉಷ್ಣತೆ ಅಳೆಯುವ ಪುಟ್ಟ ತುಣುಕೂ ಇರುತ್ತದೆ, ಅದರ ಮಾತೂ ಇದೇ ಪ್ಲಗ್ಗಿನಲ್ಲಿ ಬರುತ್ತದೆ. ನಮ್ಮ ಅರಬ್ಬಿ ಕಡಲ ದಂಡೆಯ ನೀರು 28–29 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕಾದ ದಿನ ಯಂತ್ರ 41 ಎಂದೋ 12 ಎಂದೋ ಹೇಳಿದರೆ, ಕಡಲು ಕುದಿಯುತ್ತಿಲ್ಲ, ಪಿನ್ನುಗಳ ನಡುವೆ ಪಸೆ ಕೂತಿದೆ ಎಂದರ್ಥ.

ಪಸೆ ಎಂಬುದು ಇಲ್ಲಿನ ಮುಖ್ಯ ಪದ. ದೋಣಿಯವರು ತೆರೆಗೆ ಹೆದರುತ್ತಾರೆ, ಪ್ಲಗ್ಗಿನ ಮೇಲೆ ನೀರು ಸಿಡಿಯದಂತೆ ನೋಡಿಕೊಳ್ಳುತ್ತಾರೆ. ಸಿಡಿದ ನೀರು ಒಣಗಿದ ಮೇಲಿನ ಮಾತನ್ನು ಯೋಚಿಸುವವರು ಕಡಿಮೆ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ನೀರು ಹಾರಿಹೋದರೂ ಉಪ್ಪು ಅಲ್ಲೇ. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇ 75 ದಾಟಿದೊಡನೆ ತಾನಾಗಿ ನೀರು ಹೀರಿಕೊಂಡು ಒದ್ದೆಯಾಗುತ್ತದೆ. ಆಷಾಢದಲ್ಲಿ ಉಪ್ಪಿನ ಮರಿಗೆಯ ತಳದಲ್ಲಿ ನೀರೂರುವುದು ಇದೇ ಕಾರಣಕ್ಕೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗಂತೂ ಶೇ 33 ಸಾಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಮಳೆಗಾಲದುದ್ದಕ್ಕೂ ಗೋಡೆಯೇ ಬೆವರುವ ನಮ್ಮ ಕರಾವಳಿಯಲ್ಲಿ, ಒಮ್ಮೆ ಉಪ್ಪು ಹೊಕ್ಕ ಪ್ಲಗ್ಗು ತಿಂಗಳುಗಟ್ಟಲೆ ಒಣಗುವುದೇ ಇಲ್ಲ. ಹೊಸ ನೀರು ಒಂದು ಹನಿಯೂ ಸಿಡಿಯಬೇಕಿಲ್ಲ.

ಇದೇ ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರೀಕೃತ ದೋಣಿಗಳಿಗೆ 61 ದಿನಗಳ ಮೀನುಗಾರಿಕೆ ನಿಷೇಧ. ಮಲ್ಪೆಯ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ. ಸಣ್ಣ ಇಂಜಿನ್ನಿನ ನಾಡದೋಣಿಗಳಿಗೆ ಮಾತ್ರ ಆಗಲೂ ಕಡಲು ತೆರೆದಿರುತ್ತದೆ. ಓಡಿದ ದೋಣಿಯ ಪ್ಲಗ್ಗು ಹೆಚ್ಚು ಕೆಡಬೇಕು ಎಂದು ಯಾರಿಗಾದರೂ ಅನಿಸೀತು. ಆದರೆ ದಿನಾ ಬಿಚ್ಚಿ ಸಿಕ್ಕಿಸುವ ಪ್ಲಗ್ಗಿನ ಪಿನ್ನುಗಳು ಒಂದಕ್ಕೊಂದು ಉಜ್ಜಿಕೊಂಡು ಅಷ್ಟಿಷ್ಟು ಶುಚಿಯಾಗುತ್ತಿರುತ್ತವೆ. ಎರಡು ತಿಂಗಳು ಮುಟ್ಟದೆ ಬಿಟ್ಟ ಬೋಟಿನ ಕ್ಯಾಬಿನ್ನಿನಲ್ಲಿ ಕಿಲುಬಿಗೆ ಪೂರ್ತಿ ಬಿಡುವು.

ಇನ್ನು ಕಿಲುಬಿಗೆ ಕೈಕಾಲು ಕೊಡುವುದು ಬ್ಯಾಟರಿ. ಪ್ಲಗ್ಗಿನೊಳಗೆ ಧನ ಮತ್ತು ಋಣ ಪಿನ್ನುಗಳು ಒಂದು ಭತ್ತದ ಕಾಳಿನಷ್ಟು ದೂರದಲ್ಲಿ ನಿಂತಿರುತ್ತವೆ. ನಡುವೆ 12 ವೋಲ್ಟು. ಅಲ್ಲಿ ಉಪ್ಪುಪಸೆ ಹರಡಿದರೆ ಸಣ್ಣಗೆ ವಿದ್ಯುತ್ತು ಹರಿಯತೊಡಗುತ್ತದೆ, ಧನ ಪಿನ್ನಿನ ತಾಮ್ರ ಕರಗಿ ಋಣದ ಕಡೆಗೆ ಹೊರಡುತ್ತದೆ. ಮುಲಾಮು ಹಾಕುವ ಎಲೆಕ್ಟ್ರೋಪ್ಲೇಟಿಂಗ್ ಅಂಗಡಿಗಳಲ್ಲಿ ತೊಟ್ಟಿ ತುಂಬಿಸಿ, ಬೇಕೆಂದೇ ಮಾಡುವ ಕೆಲಸವಿದು. ದೋಣಿಯಲ್ಲಿ ಯಾರೂ ಕೇಳದೆಯೇ ನಡೆಯುತ್ತದೆ. ಕೆಟ್ಟ ಪವರ್ ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೆ ಒಂದು ಪಿನ್ನು ಮಾತ್ರ ಸವೆದ ಪೆನ್ಸಿಲ್ಲಿನ ಹಾಗೆ ಚೂಪಾಗಿ, ಪಕ್ಕದ್ದು ಗಟ್ಟಿಮುಟ್ಟಾಗಿ ಕಾಣುವುದುಂಟು. ಸವೆದದ್ದು ಧನ ಪಿನ್ನು. ಬರೀ ಉಪ್ಪುಗಾಳಿಗೆ ವರ್ಷಗಳು ಬೇಕಾಗುವ ಕೆಲಸವನ್ನು ಬ್ಯಾಟರಿ ಕೆಲವೇ ವಾರಗಳಲ್ಲಿ ಮುಗಿಸುತ್ತದೆ.

ಕಳ್ಳರ ಭಯಕ್ಕೆ ಸಣ್ಣ ದೋಣಿಯವರು ಸಂಜೆ ಯಂತ್ರ ಬಿಚ್ಚಿ ಮನೆಗೆ ಒಯ್ಯುತ್ತಾರೆ. ಒಳ್ಳೆಯದೇ. ಆದರೆ ವೈರಿನ ಇನ್ನೊಂದು ತುದಿ ಬ್ಯಾಟರಿಗೆ ಕಚ್ಚಿಕೊಂಡೇ ಇರುತ್ತದೆ. ಬಾಯಿ ತೆರೆದ ಪ್ಲಗ್ಗು ರಾತ್ರಿಯಿಡೀ 12 ವೋಲ್ಟು ಹೊತ್ತುಕೊಂಡು ಇಬ್ಬನಿಯಲ್ಲಿ ಕೂತಿರುತ್ತದೆ. ಯಂತ್ರ ಉಳಿಯಿತು, ಪಿನ್ನು ಹೋಯಿತು.

ತಾಮ್ರ, ಕಡಲು, ಬೇರೆ ಲೋಹ ಈ ಮೂರೂ ಸೇರಿದರೆ ಏನಾಗುತ್ತದೆ ಎಂಬ ಪಾಠ ಹಳೆಯದು. ಮರ ತಿನ್ನುವ ಹುಳುವಿನ ಕಾಟ ತಡೆಯಲು ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ ಯುದ್ಧನೌಕೆಯ ಹೊಟ್ಟೆಗೆ ತಾಮ್ರದ ತಗಡು ಹೊದಿಸಿತು. ವೆಸ್ಟ್ ಇಂಡೀಸಿಗೆ ಹೋಗಿ ಬಂದ ಹಡಗನ್ನು 1763ರಲ್ಲಿ ಪರೀಕ್ಷಿಸಿದಾಗ ತಗಡು ಗಟ್ಟಿಯಾಗಿತ್ತು, ಅದನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ಕೊಳೆತು ಹೋಗಿದ್ದವು. ಎಲ್ಲವೂ ಅಲ್ಲ. ತಗಡು ಸುತ್ತಿ ಬಂದಿದ್ದ ಕಂದು ಕಾಗದದ ಚೂರು ನಡುವೆ ಸಿಕ್ಕಿಬಿದ್ದಿದ್ದ ಕಡೆ ಮೊಳೆಗಳು ಚೆನ್ನಾಗಿಯೇ ಇದ್ದವು. ಎರಡು ಲೋಹಗಳ ನಡುವೆ ನೀರು ಹೋಗದಂತೆ ಏನಾದರೂ ಇದ್ದರೆ ಸಾಕು, ಕಾಗದವಾದರೂ ಆದೀತು ಎಂಬುದನ್ನು ಆ ಮೊಳೆಗಳು ತೋರಿಸಿದವು. ಚಿನ್ನದ ಮುಲಾಮಿನ ಪಿನ್ನಿಗೆ ತವರದ ಮುಲಾಮಿನ ತೂತು, ಹಿತ್ತಾಳೆ ತುಂಡಿಗೆ ಸ್ಟೀಲ್ ಸ್ಕ್ರೂ ಜೋಡಿಸುವಾಗಲೂ ಮಾತು ಇದೇ. ಕಾಗದದ ಜಾಗದಲ್ಲಿ ಈಗ ಸಿಲಿಕೋನ್ ಗ್ರೀಸ್ ಬಂದಿದೆ.

ಔಟ್‌ಬೋರ್ಡ್ ಇಂಜಿನ್ನಿಗೆ ಕಟ್ಟುವ ಜಿಂಕ್ ತುಂಡು ಪ್ಲಗ್ಗನ್ನೂ ಕಾಯುತ್ತದೆ ಎಂದು ನಂಬಿದವರಿದ್ದಾರೆ. ಜಿಂಕ್ ತಾನು ಸವೆದು ಇಂಜಿನ್ನನ್ನು ಉಳಿಸುತ್ತದೆ, ನಿಜ. ಆದರೆ ಎರಡೂ ಒಂದೇ ನೀರಿನಲ್ಲಿ ಮುಳುಗಿರಬೇಕು. ದೋಣಿಯ ಮೇಲೆ ಗಾಳಿಯಲ್ಲಿ ನೇತಾಡುವ ಪ್ಲಗ್ಗಿಗೆ ಅದರಿಂದ ಕಾಸಿನ ಪ್ರಯೋಜನವಿಲ್ಲ.

ಡಬ್ಬದ ಮೇಲೆ ‘ವಾಟರ್‌ಪ್ರೂಫ್’ ಎಂದಿದೆಯಲ್ಲ ಎಂಬುದು ಮುಂದಿನ ಪ್ರಶ್ನೆ. ಅಲ್ಲಿ ಸಾಮಾನ್ಯವಾಗಿ ಬರೆದಿರುವುದು ಐಪಿಎಕ್ಸ್7. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಒಳಗೆ ನೀರು ಹೋಗಲಿಲ್ಲ ಎಂದು ಅದರರ್ಥ. ಆ ಪರೀಕ್ಷೆ ಸಿಹಿನೀರಿನದು, ಅರ್ಧ ಗಂಟೆಯದು. ಮೂರು ವರ್ಷದ ಉಪ್ಪುಗಾಳಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಉಪ್ಪಿಗೆಂದೇ ಇರುವ ಪರೀಕ್ಷೆ ಬೇರೆ: 1939ರಲ್ಲಿ ಅಮೆರಿಕದಲ್ಲಿ ಮಾನಕವಾದ ಎಎಸ್‌ಟಿಎಂ ಬಿ117. ಮುಚ್ಚಿದ ಪೆಟ್ಟಿಗೆಯಲ್ಲಿ ಶೇ 5ರ ಉಪ್ಪುನೀರನ್ನು 35 ಡಿಗ್ರಿ ಬಿಸಿಯಲ್ಲಿ ಮಂಜಿನಂತೆ ಎರಚುತ್ತಲೇ ಇರುತ್ತಾರೆ. ಲೋಹಗಳಿಗೆ ಮಾಡಿಟ್ಟ ಆ ನರಕ, ಉಪ್ಪಿನ ಪಾಲು ಕೊಂಚ ಹೆಚ್ಚು ಎನ್ನುವುದನ್ನು ಬಿಟ್ಟರೆ, ಏಪ್ರಿಲ್ ಮಧ್ಯಾಹ್ನದ ಮಂಗಳೂರು ದಕ್ಕೆಯೇ.

ಹಾಗಾದರೆ ಕೆಟ್ಟ ಜಾಗ ಹುಡುಕುವುದು ಹೇಗೆ? ಮೀಟರ್ ಇಟ್ಟು ನೋಡಿದರೆ ಸಾಕು ಎನ್ನುವವರೇ ಹೆಚ್ಚು ಮೋಸ ಹೋಗುವುದು. ವೈರಿನೊಳಗಿನ ಮೂವತ್ತು ಎಳೆಗಳಲ್ಲಿ ಇಪ್ಪತ್ತೊಂಬತ್ತು ಕೊಳೆತು ಒಂದೇ ಎಳೆ ಉಳಿದಿದ್ದರೂ ಮೀಟರ್ 12.6 ವೋಲ್ಟ್ ಎಂದೇ ತೋರಿಸುತ್ತದೆ. ಮೀಟರಿಗೆ ಬೇಕಾದ ವಿದ್ಯುತ್ತು ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೆ ಒಂದೆಳೆ ಧಾರಾಳ. ನಲ್ಲಿಯ ಪೈಪು ಕಟ್ಟಿಕೊಂಡಿದೆಯೇ ಎಂದು ನಲ್ಲಿ ಮುಚ್ಚಿಟ್ಟು ಪರೀಕ್ಷಿಸಿದ ಹಾಗೆ. ಯಂತ್ರ ಎಳೆಯುವಷ್ಟೇ ವಿದ್ಯುತ್ತನ್ನು ಎಳೆಸಿ ನೋಡಬೇಕು.

ಅದಕ್ಕೆ ಬೈಕಿನ ಬಲ್ಬು ಸಾಕು. ಇಂಡಿಕೇಟರಿನ 12 ವೋಲ್ಟ್, 10 ವ್ಯಾಟಿನ ಬಲ್ಬು ಸುಮಾರು 0.8 ಆಂಪಿಯರ್ ಎಳೆಯುತ್ತದೆ, ಸಣ್ಣ ಫಿಶ್ ಫೈಂಡರ್ ಎಳೆಯುವುದೂ ಆ ಆಸುಪಾಸಿನಲ್ಲೇ. ಯಂತ್ರದ ಬದಲು ಪ್ಲಗ್ಗಿನ ತುದಿಗೆ ಬಲ್ಬು ಹಚ್ಚಿ ಉರಿಸಬೇಕು. ಉರಿಯುತ್ತಿರುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಧನ ತುದಿಗೆ, ಇನ್ನೊಂದು ಪ್ಲಗ್ಗಿನ ಧನ ಪಿನ್ನಿಗೆ. ಅಲ್ಲಿ ಕಾಣುವ ಅಂಕಿಯೇ ದಾರಿಯಲ್ಲಿ ಸೋರಿಹೋದ ವೋಲ್ಟು. ಋಣದ ಕಡೆಗೂ ಹಾಗೆಯೇ. ಎರಡೂ ಕೂಡಿ 12 ವೋಲ್ಟಿನ ಶೇ 3, ಅಂದರೆ ಸುಮಾರು 0.36 ದಾಟಬಾರದು. ಒಂದು ವೋಲ್ಟು ಕಂಡರೆ ದಾರಿಯಲ್ಲಿ ಎಲ್ಲೋ ಒಂದು ಓಮಿಗಿಂತ ಹೆಚ್ಚಿನ ತಡೆ ಕೂತಿದೆ. ಆಮೇಲೆ ಕಡ್ಡಿಯನ್ನು ಪ್ಲಗ್ಗಿನಿಂದ ಫ್ಯೂಸಿನ ಗೂಡಿಗೆ, ಅಲ್ಲಿಂದ ಬ್ಯಾಟರಿಯ ಕ್ಲಿಪ್ಪಿಗೆ ಸರಿಸುತ್ತ ಬಂದರೆ ಕಳ್ಳ ಸಿಕ್ಕುತ್ತಾನೆ. ಎಷ್ಟೋ ಸಲ ಅವನು ಅಡಗಿರುವುದು ಪ್ಲಗ್ಗಿನಲ್ಲಲ್ಲ, ಯಾರೂ ಬಿಚ್ಚಿ ನೋಡದ ಫ್ಯೂಸಿನ ಗೂಡಿನಲ್ಲಿ.

ಬೆಳಿಗ್ಗೆ ಚೆನ್ನಾಗಿ ಓಡಿದ ಯಂತ್ರ ಮಧ್ಯಾಹ್ನ ಆರಿಹೋಗುವ ಒಗಟೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ತುಂಬಿದ ಬ್ಯಾಟರಿ 12.6, ಅರ್ಧ ಇಳಿದದ್ದು 12.1ರ ಹತ್ತಿರ. ಬಹುತೇಕ ಯಂತ್ರಗಳು ಸುಮಾರು 10 ವೋಲ್ಟಿನ ಕೆಳಗೆ ಇಳಿದರೆ ತಾವೇ ಆಫ್ ಆಗುತ್ತವೆ. ದಾರಿಯಲ್ಲಿ ಎರಡು ವೋಲ್ಟಿಗಿಂತ ಕೊಂಚ ಹೆಚ್ಚು ಸೋರುತ್ತಿದ್ದರೆ ಬೆಳಗಿನ ಬ್ಯಾಟರಿಯಲ್ಲಿ ಹೇಗೋ ನಡೆಯುತ್ತದೆ, ಹೊತ್ತೇರಿದ ಮೇಲೆ ನಡೆಯುವುದಿಲ್ಲ. ಹೊಸ ಬ್ಯಾಟರಿ ತಂದಾಗ ಎರಡು ದಿನ ಸಿಗುವ ನೆಮ್ಮದಿಯ ಗುಟ್ಟು ಇಷ್ಟೇ. ಆ ದುಡ್ಡಿನಲ್ಲಿ ಇಡೀ ದೋಣಿಯ ವೈರನ್ನೇ ಬದಲಿಸಬಹುದಿತ್ತು.

ಕಿಲುಬು ತೆಗೆಯುವ ಕೆಲಸಕ್ಕೆ ಅವಸರ ಆಗದು. ಮೊದಲು ಬ್ಯಾಟರಿಯ ತುದಿ ಬಿಚ್ಚಬೇಕು. ಆಮೇಲೆ ಹುಳಿ ಹಾಕುವ ಮುನ್ನ ಉಪ್ಪು ತೊಳೆಯಬೇಕು. ಅದಕ್ಕೆ ಹೇಳಿಮಾಡಿಸಿದ ನೀರು ಎಲ್ಲ ಗ್ಯಾರೇಜುಗಳಲ್ಲೂ ಸಿಗುತ್ತದೆ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಮೆತ್ತನೆಯ ಹಳೆಯ ಟೂತ್‌ಬ್ರಷ್ಷಿನಲ್ಲಿ ಪಿನ್ನುಗಳನ್ನೂ ಎದುರು ತೂತುಗಳನ್ನೂ ತೊಳೆದು, ಹಸಿರು ಉಳಿದ ಕಡೆ ಮಾತ್ರ ಕಿವಿಕಡ್ಡಿಯ ಹತ್ತಿಯಲ್ಲಿ ವಿನೆಗರ್ ಮುಟ್ಟಿಸಬೇಕು. ಒಂದೆರಡು ನಿಮಿಷದಲ್ಲಿ ಹಸಿರು ಕರಗುತ್ತದೆ. ತಕ್ಷಣ ಚಿಟಿಕೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಒರೆಸಿ, ಮತ್ತೆ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯಬೇಕು. ಹುಳಿ ಅಲ್ಲೇ ಉಳಿದರೆ ಅದೇ ಮುಂದಿನ ಕಿಲುಬಿನ ಬೀಜ.

ಹುಣಸೆಹಣ್ಣು ಆಗದೇ ಎಂದು ಅಡುಗೆಮನೆ ಕಡೆಯಿಂದ ಪ್ರಶ್ನೆ ಬರುವುದು ಸಹಜ. ಕೆಲಸದ ಬಗೆ ಎರಡರದ್ದೂ ಒಂದೇ. ವಿನೆಗರಿನ ಅಸಿಟಿಕ್ ಆಮ್ಲ ಮಾಡುವುದನ್ನು ಹುಣಸೆಯ ಟಾರ್ಟಾರಿಕ್ ಆಮ್ಲವೂ ಮಾಡುತ್ತದೆ. ಆದರೆ ತಂಬಿಗೆಯನ್ನು ಬಾವಿಕಟ್ಟೆಯಲ್ಲಿ ಎರಡು ಕೊಡ ನೀರು ಸುರಿದು ತೊಳೆಯಬಹುದು, ಪ್ಲಗ್ಗಿನ ತೂತಿನಿಂದ ಹುಣಸೆಯ ನಾರು ತೆಗೆಯುವವರು ಯಾರು? ಮೇಲಾಗಿ ಹುಣಸೆಯ ಜತೆ ಹರಳುಪ್ಪು ಸೇರಿಸಿ ತಿಕ್ಕುವುದು ನಮ್ಮ ರೂಢಿ. ಓಡಿಸಬೇಕೆಂದು ಹೊರಟ ಕಳ್ಳನಿಗೇ ಚಾಪೆ ಹಾಸಿದ ಹಾಗಾಯಿತು.

ಉಪ್ಪುಕಾಗದದ ಮಾತು ಮೊದಲೇ ಬಂತು. ಪಿನ್ನುಗಳ ಮೇಲಿರುವ ಚಿನ್ನದ ಅಥವಾ ನಿಕ್ಕಲಿನ ಮುಲಾಮು ಈರುಳ್ಳಿ ಸಿಪ್ಪೆಗಿಂತ ಎಷ್ಟೋ ತೆಳು. ಒಂದು ಸಲ ಉಜ್ಜಿದರೆ ಹೊಳೆಯುತ್ತದೆ, ಆದರೆ ಹೊಳೆಯುತ್ತಿರುವುದು ಮುಲಾಮು ಕಳೆದ ಹಿತ್ತಾಳೆ. ಮುಂದಿನ ಅಮಾವಾಸ್ಯೆಯೊಳಗೆ ಮತ್ತೆ ಹಸಿರಾಗುತ್ತದೆ. ಪೆಟ್ರೋಲ್, ಥಿನ್ನರ್ ಕೂಡ ಬೇಡ, ಪ್ಲಾಸ್ಟಿಕ್ಕಿನ ಮೈ ಬಿರಿಯುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಪೂರ್ತಿ ಒಣಗುವ ತನಕ ಬಿಸಿಲಿಗಿಟ್ಟು ಕಾಯಬೇಕು.

ಡಬ್ಲ್ಯೂಡಿ-40 ಸಿಂಪಡಿಸಿ ಕೈ ತೊಳೆದುಕೊಳ್ಳುವವರು ಬಹಳ. ಅದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಹುಟ್ಟಿದ್ದು. ಅಟ್ಲಾಸ್ ಕ್ಷಿಪಣಿಯ ಮೈಗೆ ತುಕ್ಕು ಹಿಡಿಯದಿರಲೆಂದು ಬಳಕೆಗೆ ಬಂತು. ಡಬ್ಲ್ಯೂಡಿ ಎಂದರೆ ನೀರನ್ನು ಪಕ್ಕಕ್ಕೆ ಸರಿಸುವುದು, 40 ಎಂದರೆ ನಲವತ್ತನೆಯ ಪ್ರಯತ್ನ. ಒದ್ದೆಯಾದ ಪ್ಲಗ್ಗಿನಿಂದ ನೀರು ಓಡಿಸಲು ಅದು ಒಳ್ಳೆಯದೇ. ಆದರೆ ಬೇಗ ಆರಿಹೋಗುತ್ತದೆ, ಮಳೆಗಾಲಪೂರ್ತಿ ಕಾವಲು ನಿಲ್ಲುವ ಶಕ್ತಿ ಅದಕ್ಕಿಲ್ಲ.

ಕಾವಲಿಗೆ ಬೇಕಾದದ್ದು ಡೈಎಲೆಕ್ಟ್ರಿಕ್ ಗ್ರೀಸ್ ಎಂದು ಮಾರುವ ಸಿಲಿಕೋನ್ ಗ್ರೀಸ್. ಇದರ ಬಗ್ಗೆ ಒಂದು ತಕರಾರು ಮತ್ತೆ ಮತ್ತೆ ಕೇಳಿಬರುತ್ತದೆ: ಅದು ವಿದ್ಯುತ್ತು ಹರಿಸದ ಗ್ರೀಸ್, ಪಿನ್ನಿಗೆ ಹಚ್ಚಿದರೆ ಯಂತ್ರ ಓಡುವುದು ಹೇಗೆ? ಪ್ಲಗ್ಗು ಒತ್ತಿ ಕೂರಿಸಿದಾಗ ಲೋಹಕ್ಕೆ ಲೋಹ ತಾಗುವ ಜಾಗದಿಂದ ಗ್ರೀಸ್ ತಾನೇ ಬದಿಗೆ ಸರಿಯುತ್ತದೆ, ಸುತ್ತ ಉಳಿದ ಸಂದುಗಳನ್ನು ತುಂಬುತ್ತದೆ. ವಿದ್ಯುತ್ತು ಹರಿಸದಿರುವುದೇ ಅದರ ಗುಣ. ಇಲ್ಲದಿದ್ದರೆ ಪಕ್ಕದ ಪಿನ್ನಿಗೆ ಹಾದಿಯಾಗುತ್ತಿತ್ತು. ತೆಳ್ಳಗೆ, ರೊಟ್ಟಿಗೆ ತುಪ್ಪ ಸವರಿದಷ್ಟು ಸಾಕು. ವ್ಯಾಸಲೀನ್ ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಬೇಸಿಗೆಯ ಬಿಸಿಲಿಗೆ ಕರಗಿ ಇಳಿಯುತ್ತದೆ, ಕೆಲವು ಜಾತಿಯ ರಬ್ಬರ್ ವಾಷರುಗಳನ್ನು ಉಬ್ಬಿಸುತ್ತದೆ.

ಗ್ರೀಸಿಗೂ ಗಾಜು ಕೂರಿಸುವ ಸಿಲಿಕೋನ್ ಅಂಟಿಗೂ ವ್ಯತ್ಯಾಸ ತಿಳಿಯದೆ ಆಗುವ ಹಾನಿ ದೊಡ್ಡದು. ಒಂದು ಹನಿಯೂ ಹೋಗಬಾರದೆಂದು ಪ್ಲಗ್ಗಿನ ಸುತ್ತ ಅಂಟು ತುಂಬಿ ಮೆತ್ತುತ್ತಾರೆ. ಒಣಗುವಾಗ ಉಪ್ಪಿನಕಾಯಿ ಭರಣಿಯ ಹಾಗೆ ಹುಳಿ ವಾಸನೆ ಬರುವ ಅಂಟಾದರೆ, ಆ ವಾಸನೆ ಅಸಿಟಿಕ್ ಆಮ್ಲದ್ದೇ. ಮುಚ್ಚಿದ ಜಾಗದಲ್ಲಿ ಅದು ತಾಮ್ರವನ್ನು ತಿನ್ನುತ್ತದೆ. ಎರಡು ತಿಂಗಳ ನಂತರ ಅಂಟು ಕಿತ್ತರೆ ಒಳಗೆಲ್ಲ ಹಸಿರು, ‘ಅಷ್ಟು ಬಿಗಿ ಮುಚ್ಚಿದ್ದೆ ಮಾರಾಯ್ರೆ’ ಎಂಬ ಆಶ್ಚರ್ಯ ಬೇರೆ. ಅಂಟು ಬೇಕೇಬೇಕಿದ್ದರೆ ಹುಳಿ ವಾಸನೆಯಿಲ್ಲದ, ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನು ಕೇಳಿ ತರಬೇಕು.

ಕಪ್ಪು ಇನ್ಸುಲೇಷನ್ ಟೇಪಿನ ಕತೆಯೂ ಅದೇ. ಮನೆಯ ಗೋಡೆಯೊಳಗೆ ಅದು ಸರಿ. ದೋಣಿಯ ಬಿಸಿಲಿನಲ್ಲಿ ಅದರ ಅಂಟು ಬೆಲ್ಲದ ಪಾಕವಾಗಿ ಸರಿದು, ಅಂಚು ಬಿಚ್ಚಿಕೊಂಡು, ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಹೊರಗೆ ಬಿಡುವುದಿಲ್ಲ.

ಪಿನ್ನು ಸವೆದು ಹೋಗಿದ್ದರೆ ತೊಳೆದು ಫಲವಿಲ್ಲ, ಕತ್ತರಿಸಿ ಜೋಡಿಸಬೇಕು. ಪವರ್ ವೈರಿಗೆ ಇದು ಸಲ್ಲುತ್ತದೆ. ತುದಿ ಸುಲಿದಾಗ ಎಳೆಗಳು ಕಪ್ಪಾಗಿದ್ದರೆ ಇನ್ನೂ ಹಿಂದಕ್ಕೆ ಹೋಗಬೇಕು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಎಳೆಗಳ ನಡುವೆ ಉಪ್ಪುನೀರು ಏರುತ್ತದೆ, ಹೊರಗಿನ ಪ್ಲಾಸ್ಟಿಕ್ ಹೊಸದರಂತಿದ್ದರೂ ಒಳಗೆ ಒಂದು ಗೇಣು, ಒಂದು ಮೊಳದವರೆಗೂ ಕೊಳೆತಿರಬಹುದು. ತಾಮ್ರ ಹೊಸ ಕಾಸಿನ ಹಾಗೆ ಹೊಳೆಯುವ ತನಕ ಕತ್ತರಿಸುತ್ತ ಹೋಗುವುದೊಂದೇ ದಾರಿ. ಅಷ್ಟಾಗುವ ಬದಲು ಎಳೆ ಎಳೆಗೂ ತವರದ ಕಲಾಯಿ ಇರುವ ವೈರನ್ನೇ ತಂದರೆ ಲೇಸು. ತಾಮ್ರದ ಪಾತ್ರೆಗೆ ಕಲಾಯಿ ಮಾಡಿಸಿದ ಅಜ್ಜಿಗೆ ಈ ಬುದ್ಧಿ ಇತ್ತು.

ಜೋಡಣೆಗೆ ಬೆಸುಗೆಯೇ ಗಟ್ಟಿ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅಲುಗದ ಜಾಗದಲ್ಲಿ ಅದು ನಿಜ. ದೋಣಿ ಅಲುಗುತ್ತಲೇ ಇರುತ್ತದೆ. ಬೆಸುಗೆ ಹೀರಿದ ವೈರು ಕಡ್ಡಿಯ ಹಾಗೆ ಸೆಟೆದು, ಅದು ಮುಗಿದು ಮೆತ್ತನೆಯ ಎಳೆ ಶುರುವಾಗುವ ಅಂಚಿನಲ್ಲೇ ಮುರಿಯುತ್ತದೆ. ಹಾಗಾಗಿ ದೋಣಿಯ ವೈರಿಂಗಿನಲ್ಲಿ ಬೆಸುಗೆಯೊಂದನ್ನೇ ನೆಚ್ಚಬಾರದೆಂಬುದು ರೂಢಿಯಲ್ಲಿರುವ ನಿಯಮ. ತಾಮ್ರದ ಕೊಳವೆಯೊಳಗೆ ಎರಡೂ ತುದಿ ತೂರಿಸಿ, ಅದಕ್ಕೆಂದೇ ಇರುವ ಕ್ರಿಂಪಿಂಗ್ ಉಪಕರಣದಲ್ಲಿ ಅದುಮಿ, ಮೇಲೆ ಒಳಗಡೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಎಳೆದು ಕಾಯಿಸಬೇಕು. ಕೊಳವೆ ಕುಗ್ಗಿ, ಎರಡು ತುದಿಗಳಲ್ಲೂ ಅಂಟು ಜೇನಿನ ಹಾಗೆ ಒಸರಿದರೆ ಕೆಲಸ ಸರಿಯಾಯಿತು. ಇಕ್ಕಳದಲ್ಲಿ ಅದುಮಿದ್ದು ಆ ದಿನ ಹಿಡಿಯುತ್ತದೆ, ಹಬ್ಬದ ತನಕ ಹಿಡಿಯುವುದಿಲ್ಲ. ಅಂದಹಾಗೆ ಹೀಟ್ ಶ್ರಿಂಕ್ ಕೊಳವೆಯನ್ನು ಜೋಡಿಸುವ ಮುಂಚೆಯೇ ವೈರಿಗೆ ಪೋಣಿಸಿರಬೇಕು. ಅದುಮಿದ ಮೇಲೆ ನೆನಪಾಗಿ ತಲೆ ಚಚ್ಚಿಕೊಳ್ಳದ ಎಲೆಕ್ಟ್ರಿಷಿಯನ್ ಇನ್ನೂ ಹುಟ್ಟಿಲ್ಲ.

ಟ್ರಾನ್ಸ್‌ಡ್ಯೂಸರಿನ ವೈರಿಗೆ ಮಾತ್ರ ಕತ್ತರಿ ತಾಗಿಸಬಾರದು. ಅದರೊಳಗೆ ಪಿಸುಮಾತಿನ ಎಳೆ, ಅದರ ಸುತ್ತ ಹೊರಗಿನ ಗದ್ದಲ ತಡೆಯುವ ಜಾಲರಿ, ಜತೆಗೆ ಉಷ್ಣತೆಯ ಎಳೆಗಳು. ಕತ್ತರಿಸಿ ತಿರುಚಿ ಕಟ್ಟಿದರೆ ಜಾಲರಿ ತುಂಡಾಗಿ, ಇಂಜಿನ್ನಿನ ಸದ್ದೆಲ್ಲ ಪರದೆಗೆ ನುಗ್ಗುತ್ತದೆ. ಉದ್ದ ಹೆಚ್ಚಾಯಿತೆಂದು ತುಂಡರಿಸುವವರೂ ಇದ್ದಾರೆ; ಹೆಚ್ಚಾದದ್ದನ್ನು ದೊಡ್ಡ ಸುರುಳಿ ಸುತ್ತಿ ಕಟ್ಟಿಟ್ಟರೆ ಏನೂ ನಷ್ಟವಿಲ್ಲ. ಅದರ ಪ್ಲಗ್ಗೇ ಸತ್ತರೆ ಬಹುಪಾಲು ಟ್ರಾನ್ಸ್‌ಡ್ಯೂಸರನ್ನೇ ಬದಲಿಸಬೇಕಾಗುತ್ತದೆ, ವೈರು ಅದರ ಮೈಗೇ ಎರಕವಾಗಿರುವುದರಿಂದ. ಹಾಗಾಗಿ ಮೊದಲು ಕಾಯಬೇಕಾದ ಪ್ಲಗ್ಗು ಇದೇ.

ಕಾಯುವ ಕೆಲಸದಲ್ಲಿ ದುಡ್ಡಿನ ಮಾತು ಕಡಿಮೆ, ಅಭ್ಯಾಸದ ಮಾತು ಹೆಚ್ಚು. ಸಂಜೆ ಯಂತ್ರ ಬಿಚ್ಚುವ ಮುನ್ನ ಬ್ಯಾಟರಿಯ ತುದಿ ಬಿಚ್ಚುವುದು, ಅಥವಾ ಬ್ಯಾಟರಿಯ ಪಕ್ಕದಲ್ಲೇ ಒಂದು ಸ್ವಿಚ್ಚು ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಮಿಗಿಲು. ಪ್ಲಗ್ಗಿಗೆ ಯಂತ್ರದ ಜತೆ ಬಂದ ರಬ್ಬರ್ ಟೊಪ್ಪಿ ಮೊದಲ ವಾರವೇ ಕಡಲು ಸೇರಿರುತ್ತದೆ. ದಾರ ಕಟ್ಟಿಟ್ಟಿದ್ದರೆ ಉಳಿಯುತ್ತಿತ್ತು. ವೈರು ಪ್ಲಗ್ಗಿಗೆ ಸೇರುವ ಮುನ್ನ ಒಮ್ಮೆ ಕೆಳಗಿಳಿದು ಮೇಲೇರುವಂತೆ, ಉಯ್ಯಾಲೆಯ ಹಾಗೆ ಬಿಟ್ಟರೆ ವೈರಿನ ಮೇಲೆ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನೊಳಗೆ ನಡೆಯುವುದಿಲ್ಲ. ಬಿಚ್ಚಿಟ್ಟ ಪ್ಲಗ್ಗಿನ ಬಾಯಿ ಕೆಳಗೆ ನೋಡುತ್ತಿರಬೇಕು. ಗೇಣಿಗೊಂದು ಕಟ್ಟು ಹಾಕಿದರೆ ತೆರೆಯ ಹೊಡೆತಕ್ಕೆ ವೈರು ಕುಣಿಯುವುದಿಲ್ಲ, ಪಿನ್ನು ಸಡಿಲವಾಗುವುದಿಲ್ಲ.

ಕೊನೆಗೆ, ಆ ಪ್ಲಾಸ್ಟಿಕ್ ತೊಟ್ಟೆ. ಯಂತ್ರವನ್ನೂ ಪ್ಲಗ್ಗನ್ನೂ ಒಟ್ಟಿಗೆ ತೊಟ್ಟೆಯಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಡುವುದು ಕರಾವಳಿಯುದ್ದಕ್ಕೂ ನಡೆದುಬಂದ ಜತನ. ಹಗಲು ಬಿಸಿಲಿಗೆ ಒಳಗಿನ ಪಸೆ ಆವಿಯಾಗುತ್ತದೆ, ರಾತ್ರಿ ತಂಪಿಗೆ ಹನಿಯಾಗಿ ಪಿನ್ನಿನ ಮೇಲೆಯೇ ಇಳಿಯುತ್ತದೆ. ಇದರ ಬದಲು ಹಳೆಯ ಪಂಚೆಯ ತುಂಡು ಲೇಸು, ಗಾಳಿಯಾದರೂ ಆಡುತ್ತದೆ.

ಜುಲೈ ಕೊನೆಯ ವಾರ ಬಂದರಿನಲ್ಲಿ ಬಲೆ ಹೆಣೆಯುವವರು, ಬಣ್ಣ ಬಳಿಯುವವರು, ಇಂಜಿನ್ ಬಿಚ್ಚಿ ಕೂತವರು. ಪ್ಲಗ್ಗು ತೆರೆದು ನೋಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಡಿಸ್ಟಿಲ್ಡ್ ವಾಟರಿನ ಬಾಟಲಿ, ಸವೆದ ಟೂತ್‌ಬ್ರಷ್, ಗ್ರೀಸಿನ ಟ್ಯೂಬು, ಬೈಕಿನ ಇಂಡಿಕೇಟರ್ ಬಲ್ಬು. ಬಲ್ಬು ಉರಿಯುತ್ತಿರುವಾಗ ಮೀಟರ್ 0.2 ತೋರಿಸಿದರೆ ಯಂತ್ರ ಸಿಕ್ಕಿಸಿ ಗುಂಡಿ ಒತ್ತಬಹುದು. ಬಂದರಿನ ಕೆಸರು ತಳ ಎರಡು ಮಾರಿನಲ್ಲಿ ದಪ್ಪ ಗೆರೆಯಾಗಿ ಮೂಡುತ್ತದೆ, ನೀರಿನ ಬಿಸಿ 27.